ಕ್ಲಬ್ ಗಿಗ್‌ಗೆ ಒಂದೇ ಬ್ಯಾಗ್: ಡಿಜೆ ಸಾಮಾನು ಹಗುರ ಮಾಡಿಕೊಳ್ಳುವುದು ಹೇಗೆ?

ಕೋರಮಂಗಲದ ಒಂದು ಬಾರ್. ಮೂರನೇ ಮಹಡಿ, ಲಿಫ್ಟ್ ಇಲ್ಲ. ಶನಿವಾರ ರಾತ್ರಿ ಹತ್ತು ಗಂಟೆ. ನನ್ನ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್, ಒಂದು ಕೈಯಲ್ಲಿ ಕಂಟ್ರೋಲರ್ (ಲ್ಯಾಪ್‌ಟಾಪ್‌ನ ಹಾಡುಗಳನ್ನು ನಡೆಸುವ ಗುಂಡಿ, ಚಕ್ರಗಳ ಹಲಗೆ) ಇಟ್ಟ ಗಟ್ಟಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ಸ್ಟ್ಯಾಂಡ್ ಮತ್ತು ವೈರ್ ತುಂಬಿದ ಚೀಲ. ಎಲ್ಲಾ ಸೇರಿ 15 ಕೆ.ಜಿ. ಹತ್ತಿರ. ಬೂತ್‌ನಲ್ಲಿ, ಅಂದ್ರೆ ಡಿಜೆ ನಿಲ್ಲುವ ಜಾಗದಲ್ಲಿ, ಇನ್ನೊಬ್ಬ ಡಿಜೆ ಪ್ಲೇ ಮಾಡುತ್ತಿದ್ದರು. ಅವರ ಮೊಣಕೈಗೆ ತಾಗಿಕೊಂಡೇ ನಿಂತು, ಮೊಬೈಲ್ ಟಾರ್ಚ್ ಹಾಕಿ, ಹಾಡುಗಳನ್ನು ಬೆರೆಸುವ ಮಿಕ್ಸರ್ ಹಿಂದೆ ಕೈ ತೂರಿಸಿದೆ. ಖಾಲಿ ಚಾನೆಲ್ (ನನ್ನ ವೈರ್ ಹಾಕುವ ಜಾಗ) ಹುಡುಕುವಾಗ ಯಾವುದೋ ಪಿನ್ ಸಡಿಲವಾಯಿತು. ಹಾಡು ನಿಂತೇ ಹೋಯಿತು. ಹತ್ತು ಸೆಕೆಂಡ್ ಇರಬಹುದು. ಕುಣಿಯುತ್ತಿದ್ದವರೆಲ್ಲ ಬೂತ್ ಕಡೆ ತಿರುಗಿದರು. ಪಕ್ಕದಲ್ಲಿದ್ದ ಡಿಜೆ ಏನೂ ಅನ್ನಲಿಲ್ಲ. ಆದರೆ ಅವರು ಅಷ್ಟು ಹೊತ್ತು ಕಟ್ಟಿದ್ದ ರಾತ್ರಿಯನ್ನು ನಾನು ಒಂದು ಕ್ಷಣದಲ್ಲಿ ಕೆಡವಿದ್ದೆ.

ಇನ್ನೂ ಬೇಜಾರಾದ ಸಂಗತಿ ಅಂದ್ರೆ, ಅದೇ ಬೂತ್‌ನಲ್ಲಿ ಎರಡು ಸಿಡಿಜೆ (ಪೆನ್ ಡ್ರೈವ್‌ನಿಂದ ಹಾಡು ಹಾಕುವ, ಕ್ಲಬ್‌ಗಳಲ್ಲಿ ಇಡುವ ಪ್ಲೇಯರ್), ಒಂದು ಒಳ್ಳೆಯ ಮಿಕ್ಸರ್ ಆಗಲೇ ಇದ್ದವು. ನಾನು ಹೊತ್ತು ತಂದಿದ್ದರಲ್ಲಿ ಮುಕ್ಕಾಲು ಪಾಲು ಅಲ್ಲಿ ಬೇಕೇ ಇರಲಿಲ್ಲ. ಮೊದಲೇ ಕೇಳಿ ತಿಳಿದುಕೊಂಡಿರಲಿಲ್ಲ, ಅಷ್ಟೇ.

ಈಗ ನನ್ನದು ಒಂದೇ ಬ್ಯಾಗ್. ತೂಕ 3 ಕೆ.ಜಿ. ದಾಟುವುದಿಲ್ಲ. ಇದಕ್ಕಾಗಿ ದುಬಾರಿ ಸಾಮಾನು ಏನೂ ಕೊಳ್ಳಲಿಲ್ಲ. ನನ್ನ ಲೆಕ್ಕ ಇಷ್ಟೇ: ಕ್ಲಬ್‌ನಲ್ಲಿ ಇಲ್ಲದ್ದು, ಮತ್ತು ಕೈಕೊಟ್ಟರೆ ಹಾಡನ್ನೇ ನಿಲ್ಲಿಸುವಂಥದ್ದು. ಇವೆರಡು ಮಾತ್ರ ಬ್ಯಾಗ್‌ಗೆ ಹೋಗಬೇಕು. ಉಳಿದದ್ದು ಮನೆಯಲ್ಲೇ ಇರಲಿ.

ಹೆಜ್ಜೆ 1: ಬೂತ್‌ನ ಫೋಟೋ ತರಿಸಿಕೊಳ್ಳಿ

ಗಿಗ್ ಪಕ್ಕಾ ಆದ ದಿನವೇ ಕ್ಲಬ್‌ನ ಮ್ಯಾನೇಜರ್‌ಗೋ ಸೌಂಡ್ ನೋಡಿಕೊಳ್ಳುವವರಿಗೋ ಮೆಸೇಜ್ ಹಾಕಿ. "ಕನ್ಸೋಲ್ ಇದೆಯಾ?" ಅಂತ ಕೇಳಿದರೆ "ಇದೆ ಸರ್" ಅಂತಲೇ ಉತ್ತರ ಬರುತ್ತದೆ. ಅದರಿಂದ ಪ್ರಯೋಜನ ಇಲ್ಲ. ಒಬ್ಬರ ಬಾಯಲ್ಲಿ ಕನ್ಸೋಲ್ ಅಂದ್ರೆ ಎರಡು ಸಿಡಿಜೆ-3000, ಇನ್ನೊಬ್ಬರ ಬಾಯಲ್ಲಿ ಹಳೆಯದೊಂದು ಕಂಟ್ರೋಲರ್. ನಾನು ಕಳಿಸುವ ಮೆಸೇಜ್ ಹೀಗಿರುತ್ತದೆ:

"ನಮಸ್ಕಾರ ಸರ್. ಶನಿವಾರ ಪ್ಲೇ ಮಾಡ್ತಿರೋದು ನಾನು. ಬೂತ್‌ದು ಎರಡು ಫೋಟೋ ಬೇಕಿತ್ತು. ಒಂದು ಮೇಲಿಂದ, ಪ್ಲೇಯರ್ ಮತ್ತು ಮಿಕ್ಸರ್ ಮಾಡೆಲ್ ಹೆಸರು ಕಾಣೋ ಹಾಗೆ. ಇನ್ನೊಂದು ಮಿಕ್ಸರ್ ಹಿಂಭಾಗದ್ದು. ಪ್ಲೇಯರ್‌ಗಳಿಗೆ ಲಿಂಕ್ ಕೇಬಲ್ ಹಾಕಿದ್ದಾರಾ? ಬೂತ್ ಮಾನಿಟರ್ ಕೆಲಸ ಮಾಡುತ್ತಾ? ನನಗಿಂತ ಮುಂಚೆ ಯಾರು ಪ್ಲೇ ಮಾಡ್ತಾರೆ?"

ಬೂತ್ ಮಾನಿಟರ್ ಅಂದ್ರೆ ಡಿಜೆ ಕಡೆಗೆ ತಿರುಗಿಸಿಟ್ಟ ಸ್ಪೀಕರ್. ಒಂದೊಂದು ಪ್ರಶ್ನೆಗೂ ಕಾರಣ ಇದೆ. ಮಾಡೆಲ್ ಹೆಸರು ಗೊತ್ತಾದರೆ ಯಾವ ಥರದ ಫೈಲ್ ಓಡುತ್ತದೆ ಅಂತ ಗೊತ್ತಾಗುತ್ತದೆ. ಹಿಂಭಾಗದ ಫೋಟೋದಲ್ಲಿ ಯಾವ ಚಾನೆಲ್ ಖಾಲಿ ಇದೆ ಅಂತ ಮನೆಯಲ್ಲಿ ಕೂತೇ ನೋಡಬಹುದು. ಕತ್ತಲಲ್ಲಿ ಕೈ ತೂರಿಸಿ ಹುಡುಕಬೇಕಿಲ್ಲ. ಪ್ಲೇಯರ್‌ಗಳ ನಡುವೆ ಲಿಂಕ್ ಇದ್ದರೆ ಒಂದೇ ಪೆನ್ ಡ್ರೈವ್‌ನಿಂದ ಎರಡರಲ್ಲೂ ಹಾಡು ಹಾಕಬಹುದು. ಲಿಂಕ್ ಇಲ್ಲದಿದ್ದರೆ ಒಂದೊಂದು ಪ್ಲೇಯರ್‌ಗೂ ಒಂದೊಂದು ಪೆನ್ ಡ್ರೈವ್ ಬೇಕು. ಲಿಂಕ್‌ಗೆ ಬಳಸುವುದು ಮನೆಯ ಇಂಟರ್‌ನೆಟ್‌ಗೆ ಹಾಕುವ ಅದೇ ಲ್ಯಾನ್ ಕೇಬಲ್. ಎರಡೇ ಪ್ಲೇಯರ್ ಇದ್ದರೆ ನೇರ ಒಂದು ಕೇಬಲ್ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎರಡು ಮೀಟರಿನದು ಕಡಿಮೆ ಬೆಲೆಗೇ ಸಿಗುತ್ತದೆ.

ಜಾಗ ಒಳಗೋ ಟೆರೇಸೋ ಅಂತಲೂ ಕೇಳಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಲ್ಲಿ ರಾತ್ರಿ 10ರ ನಂತರ ಸ್ಪೀಕರ್ ಹಾಕುವ ಹಾಗಿಲ್ಲ. ಹಾಗಾಗಿ ಟೆರೇಸ್ ಗಿಗ್‌ಗಳು ಸಂಜೆಯೇ ಶುರುವಾಗುತ್ತವೆ. ಬೆಳಕಿರುವಾಗಲೇ ಜೋಡಿಸಿಕೊಳ್ಳಬಹುದು ಅನ್ನುವುದು ಒಂದು ಅನುಕೂಲ.

ಹೆಜ್ಜೆ 2: ಒಂದು ದಾರಿ ಆರಿಸಿಕೊಳ್ಳಿ

ಫೋಟೋ ಬಂದ ಮೇಲೆ ನಿಮ್ಮ ಮುಂದೆ ಮೂರು ದಾರಿ ಇರುತ್ತವೆ. ಬರೀ ಪೆನ್ ಡ್ರೈವ್. ಇಲ್ಲವೇ ಲ್ಯಾಪ್‌ಟಾಪ್ ತಂದು ಕ್ಲಬ್‌ನ ಪ್ಲೇಯರ್, ಮಿಕ್ಸರ್‌ಗೆ ಜೋಡಿಸುವುದು. ಇಲ್ಲವೇ ಸ್ವಂತ ಕಂಟ್ರೋಲರ್.

ಬೂತ್‌ನಲ್ಲಿ ಸಿಡಿಜೆ ಇದ್ದರೆ ಪೆನ್ ಡ್ರೈವ್ ಒಂದೇ ನನ್ನ ಉತ್ತರ. ಒಂದು ಸಿಡಿಜೆ-3000 ಐದೂವರೆ ಕೆ.ಜಿ. ತೂಗುತ್ತದೆ, ಒಂದು ಡಿಜೆಎಂ-900 ನೆಕ್ಸಸ್ 2 ಮಿಕ್ಸರ್ 8 ಕೆ.ಜಿ. ಅಷ್ಟು ತೂಕದ, ಅಷ್ಟು ಗಟ್ಟಿಯಾದ ಸಾಮಾನು ಅಲ್ಲೇ ಜೋಡಿಸಿ ಇಟ್ಟಿದ್ದಾರೆ. ಅದನ್ನು ಪಕ್ಕಕ್ಕೆ ಸರಿಸಿ ನಮ್ಮ ಪ್ಲಾಸ್ಟಿಕ್ ಕಂಟ್ರೋಲರ್ ಇಡುವುದರಲ್ಲಿ ಅರ್ಥ ಇಲ್ಲ. "ಸಿಡಿಜೆ ನನಗೆ ಅಭ್ಯಾಸ ಇಲ್ಲ" ಅನ್ನುವವರು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಡಿಜೆ ಸ್ಟುಡಿಯೋ ಹುಡುಕಿ, ಎರಡು ಮೂರು ಬಾರಿ ಹೋಗಿ ಕೈ ಪಳಗಿಸಿಕೊಳ್ಳಿ. ಹೊಸ ಕಂಟ್ರೋಲರ್ ಕೊಳ್ಳುವುದಕ್ಕಿಂತ ಆ ದುಡ್ಡು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಲ್ಯಾಪ್‌ಟಾಪ್ ಯಾರಿಗೆ ಬೇಕು? ಜನ ಬಂದು ಹಾಡು ಕೇಳುವಂಥ ಪಾರ್ಟಿ ಮಾಡುವವರಿಗೆ. ಕನ್ನಡ, ತಮಿಳು, ಹಿಂದಿ, ಪಂಜಾಬಿ ಎಲ್ಲ ಒಂದೇ ರಾತ್ರಿ ಬರಬೇಕಾದರೆ ಹತ್ತು ಸಾವಿರ ಹಾಡಿನ ಸಂಗ್ರಹ, ಬೇಗ ಹುಡುಕುವ ಕೀಬೋರ್ಡ್ ಎರಡೂ ಬೇಕು. ಅಂಥವರು ಲ್ಯಾಪ್‌ಟಾಪ್ ತನ್ನಿ, ಆದರೆ ಕಂಟ್ರೋಲರ್ ಬಿಟ್ಟು ಬನ್ನಿ. ಕ್ಲಬ್‌ನ ಮಿಕ್ಸರ್ ನಿಮ್ಮ ಸಾಫ್ಟ್‌ವೇರ್ ಜೊತೆ ಕೆಲಸ ಮಾಡುತ್ತದಾ ಅಂತ ಮೊದಲೇ ನೋಡಿ, ಅದರ ಡ್ರೈವರ್ (ಲ್ಯಾಪ್‌ಟಾಪ್ ಅದನ್ನು ಗುರುತಿಸಲು ಬೇಕಾದ ಸಾಫ್ಟ್‌ವೇರ್) ಮನೆಯಲ್ಲೇ ಇನ್‌ಸ್ಟಾಲ್ ಮಾಡಿ. ಕ್ಲಬ್‌ನ ವೈಫೈ ನಂಬಿಕೊಂಡು ಹೋಗಬೇಡಿ.

ಹೆಜ್ಜೆ 3: ಪೆನ್ ಡ್ರೈವ್

ನಿಮ್ಮ ಬ್ಯಾಗ್ ಎಷ್ಟು ಹಗುರಾಗುತ್ತದೆ ಅನ್ನುವುದು ಈ ಹೆಜ್ಜೆಯ ಮೇಲೆ ನಿಂತಿದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

32 ಜಿಬಿಯ ಒಂದೇ ಥರದ ಎರಡು ಪೆನ್ ಡ್ರೈವ್ ತೆಗೆದುಕೊಳ್ಳಿ. ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ. ಪೆನ್ ಡ್ರೈವ್ ಹಾಕಲು ಬರುವ ಹಳೆಯ ಸಿಡಿಜೆಯಿಂದ ಹೊಸದರವರೆಗೆ ಎಲ್ಲವೂ ಅದನ್ನು ಓದುತ್ತವೆ. ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡುವಾಗ ಎನ್‌ಟಿಎಫ್‌ಎಸ್ ಅನ್ನುವುದನ್ನು ಆರಿಸಬೇಡಿ. ಸಿಡಿಜೆ ಅದನ್ನು ಗುರುತಿಸುವುದೇ ಇಲ್ಲ. ಮ್ಯಾಕ್‌ನಲ್ಲಿ ಮಾಡುವುದಾದರೆ ಎಂಎಸ್-ಡಾಸ್ ಫ್ಯಾಟ್ ಆರಿಸಿ, ಸ್ಕೀಮ್ ಕೇಳಿದಾಗ ಮಾಸ್ಟರ್ ಬೂಟ್ ರೆಕಾರ್ಡ್ ಕೊಡಿ. ಆ ಎರಡನೆಯದನ್ನು ಮರೆತವರೇ ಬೂತ್‌ನಲ್ಲಿ ಖಾಲಿ ಸ್ಕ್ರೀನ್ ನೋಡುತ್ತಾ ನಿಲ್ಲುವುದು.

320 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಒಂದು ನಿಮಿಷಕ್ಕೆ ಸುಮಾರು 2.4 ಎಂಬಿ ಹಿಡಿಯುತ್ತದೆ. ಐದು ನಿಮಿಷದ ಹಾಡು 12 ಎಂಬಿ. ಅಂದ್ರೆ 32 ಜಿಬಿಯಲ್ಲಿ 2,500ರ ಹತ್ತಿರ ಹಾಡು ಹಿಡಿಸುತ್ತವೆ. ಅಷ್ಟು ಬೇಕಾಗಿಲ್ಲ. ಎರಡು ಗಂಟೆಯ ಸೆಟ್‌ಗೆ 35–40 ಹಾಡು ಸಾಕು. ಜನರ ಮೂಡ್ ನೋಡಿ ಬದಲಾಯಿಸಲು ಅನುಕೂಲ ಇರಲಿ ಅಂತ ನಾನು 300 ಇಟ್ಟುಕೊಳ್ಳುತ್ತೇನೆ. ಸಾಮಾನು ಕಡಿಮೆ ಮಾಡುವುದು ಅಂದ್ರೆ ಹಾಡಿನ ಪಟ್ಟಿಯನ್ನೂ ಕಡಿಮೆ ಮಾಡುವುದೇ. 3,000 ಹಾಡು ಇಟ್ಟುಕೊಂಡವರು ರಾತ್ರಿಯಿಡೀ ಸ್ಕ್ರೀನ್ ನೋಡುತ್ತಾರೆ, ಜನರನ್ನು ನೋಡುವುದಿಲ್ಲ.

ಎಂಪಿ3, ವೇವ್, ಎಐಎಫ್ಎಫ್ ಬಗೆಯ ಫೈಲ್‌ಗಳು ಕ್ಲಬ್‌ಗಳಲ್ಲಿ ಸಿಗುವ ಹೆಚ್ಚಿನ ಸಿಡಿಜೆಗಳಲ್ಲಿ ಓಡುತ್ತವೆ. ಫ್ಲ್ಯಾಕ್ ಮಾತ್ರ ಹಾಗಲ್ಲ. 2016ರಲ್ಲಿ ಬಂದ ಸಿಡಿಜೆ-2000 ನೆಕ್ಸಸ್ 2 ಮತ್ತು 2020ರ ಸಿಡಿಜೆ-3000 ಅದನ್ನು ಓದುತ್ತವೆ. ಅದಕ್ಕಿಂತ ಹಿಂದಿನ, 2012ರ ನೆಕ್ಸಸ್ ಓದುವುದಿಲ್ಲ. ಯಾವ ಕ್ಲಬ್‌ನಲ್ಲಿ ಯಾವುದು ಇರುತ್ತದೋ ಗೊತ್ತಿಲ್ಲದಿರುವಾಗ 320ರ ಎಂಪಿ3 ಅಥವಾ ಎಐಎಫ್ಎಫ್ ಇಟ್ಟುಕೊಳ್ಳಿ.

ಹಾಡುಗಳನ್ನು ಸುಮ್ನೆ ಕಾಪಿ ಮಾಡಬೇಡಿ. ರೆಕಾರ್ಡ್‌ಬಾಕ್ಸ್ ಅನ್ನುವ ಡಿಜೆ ಸಾಫ್ಟ್‌ವೇರ್‌ಗೆ ಹಾಕಿ, ಅನಲೈಸ್ ಮಾಡಿಸಿ, ಅಲ್ಲಿಂದ ಪೆನ್ ಡ್ರೈವ್‌ಗೆ ಎಕ್ಸ್‌ಪೋರ್ಟ್ ಮಾಡಿ. ಇಷ್ಟು ಕೆಲಸಕ್ಕೆ ಅದರ ಉಚಿತ ಆವೃತ್ತಿಯೇ ಸಾಕು. ಆಗ ವೇವ್‌ಫಾರ್ಮ್ (ಹಾಡಿನ ಅಲೆಯ ಚಿತ್ರ), ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), ಕ್ಯೂ (ಹಾಡಿನಲ್ಲಿ ಗುರುತಿಟ್ಟ ಜಾಗ) ಎಲ್ಲವೂ ಪ್ಲೇಯರ್ ಮೇಲೆ ಸಿಗುತ್ತವೆ. ಎರಡನೇ ಡ್ರೈವ್‌ಗೂ ರೆಕಾರ್ಡ್‌ಬಾಕ್ಸ್‌ನಿಂದಲೇ ಎಕ್ಸ್‌ಪೋರ್ಟ್ ಮಾಡಿ. ಕ್ಲಬ್‌ನಲ್ಲಿ ಓಪಸ್-ಕ್ವಾಡ್ ಅಥವಾ ಎಕ್ಸ್‌ಡಿಜೆ-ಎಝಡ್ (ಪ್ಲೇಯರ್, ಮಿಕ್ಸರ್ ಒಂದರಲ್ಲೇ ಇರುವ ಹೊಸ ಯಂತ್ರಗಳು) ಇದ್ದರೆ ಒಂದು ಕೆಲಸ ಜಾಸ್ತಿ. ಅವು ಓದುವುದು ಡಿವೈಸ್ ಲೈಬ್ರರಿ ಪ್ಲಸ್ (ಈಗ ವನ್‌ಲೈಬ್ರರಿ) ಅನ್ನುವ ಹೊಸ ಬಗೆಯ ಪಟ್ಟಿಯನ್ನು. ಪೆನ್ ಡ್ರೈವ್ ಹಾಕಿ, ರೆಕಾರ್ಡ್‌ಬಾಕ್ಸ್‌ನಲ್ಲಿ ಒಮ್ಮೆ ಕನ್ವರ್ಟ್ ಕೊಟ್ಟರೆ ಹಳೆಯದೂ ಇರುತ್ತದೆ, ಹೊಸದೂ ಸೇರುತ್ತದೆ.

ಇನ್ನೊಂದು ತುಂಬಾ ಉಪಯೋಗದ ಸಂಗತಿ: ಮೈ ಸೆಟ್ಟಿಂಗ್ಸ್. ಕ್ವಾಂಟೈಸ್ (ಗುಂಡಿ ಒತ್ತಿದ್ದನ್ನು ತಾಳಕ್ಕೆ ಹೊಂದಿಸುವುದು) ಆನ್ ಇರಬೇಕಾ, ಟೆಂಪೋ ರೇಂಜ್ (ವೇಗ ಎಷ್ಟರವರೆಗೆ ಬದಲಾಯಿಸಬಹುದು) ಎಷ್ಟು, ಆಟೋ ಕ್ಯೂ (ಹಾಡಿನ ಸದ್ದು ಶುರುವಾಗುವ ಜಾಗಕ್ಕೆ ತಾನೇ ಹೋಗುವುದು) ಬೇಕಾ ಅನ್ನುವುದನ್ನೆಲ್ಲ ಒಮ್ಮೆ ಹೊಂದಿಸಿ ಪೆನ್ ಡ್ರೈವ್‌ಗೆ ಉಳಿಸಿಡಬಹುದು. ಬೂತ್‌ನಲ್ಲಿ ಲೋಡ್ ಕೊಟ್ಟರೆ ಪ್ಲೇಯರ್ ನಿಮ್ಮ ಅಭ್ಯಾಸಕ್ಕೆ ಹೊಂದಿಕೊಳ್ಳುತ್ತದೆ. ಹಿಂದಿನ ಡಿಜೆ ಏನೇನು ಬದಲಾಯಿಸಿದ್ದಾರೋ ಅಂತ ಒಂದೊಂದೇ ಹುಡುಕುವ ಕೆಲಸ ಇಲ್ಲ.

ಕನ್ನಡ ಹಾಡು ಹಾಕುವವರಿಗೆ ಎರಡು ಮಾತು. ಪ್ಲೇಯರ್‌ನ ಹುಡುಕಾಟದ ಕೀಬೋರ್ಡ್‌ನಲ್ಲಿ ಕನ್ನಡ ಅಕ್ಷರ ಇರುವುದಿಲ್ಲ. ಹಾಗಾಗಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ, ಒಂದೇ ಕಾಗುಣಿತ ಪಾಲಿಸಿ. ನನ್ನ ಸಂಗ್ರಹದಲ್ಲಿ ರಾಜ್‌ಕುಮಾರ್ ಹೆಸರು ಒಂದು ಫೈಲ್‌ನಲ್ಲಿ ಸೇರಿಸಿ ಬರೆದಿತ್ತು, ಇನ್ನೊಂದರಲ್ಲಿ ಬಿಡಿಸಿ, ಮತ್ತೊಂದರಲ್ಲಿ ಮುಂದೆ "ಡಾ." ಸೇರಿಸಿ. ಮೂರೂ ಮೂರು ಕಡೆ ಹೋಗಿ ಕೂತಿದ್ದವು. ಜನ "ಅಣ್ಣಾವ್ರ ಹಾಡು ಹಾಕಿ" ಅಂತ ಕೇಳಿದಾಗ ಆ ಹಾಡು ನನ್ನ ಕೈಯಲ್ಲಿದ್ದೂ ಸಿಗಲಿಲ್ಲ. ಮಾರನೇ ದಿನ ಕೂತು ಎಲ್ಲಾ ಹೆಸರನ್ನೂ ಒಂದೇ ರೀತಿ ತಿದ್ದಿದೆ.

ಎರಡನೆಯದು ತಾಳದ ವಿಚಾರ. ಎಪ್ಪತ್ತು, ಎಂಬತ್ತರ ದಶಕದ ಸಿನಿಮಾ ಹಾಡುಗಳನ್ನು ವಾದ್ಯದವರು ಒಟ್ಟಿಗೆ ಕೂತು ನುಡಿಸಿದ್ದಾರೆ. ಕಂಪ್ಯೂಟರ್‌ನ ತಾಳ ಅಲ್ಲಿಲ್ಲ. ಪಲ್ಲವಿಯಲ್ಲಿ 104 ಬಿಪಿಎಂ ಇದ್ದದ್ದು ಚರಣಕ್ಕೆ ಬರುವಷ್ಟರಲ್ಲಿ 107 ಆಗಿರುತ್ತದೆ. ಅದೇ ಆ ಹಾಡಿನ ಜೀವ. ಆದರೆ ಸಿಂಕ್ (ಎರಡು ಹಾಡಿನ ವೇಗವನ್ನು ತಾನಾಗಿ ಹೊಂದಿಸುವ ಗುಂಡಿ) ಒತ್ತಿದರೆ ಅರ್ಧದಲ್ಲೇ ತಾಳ ಜಾರುತ್ತದೆ. ಅಂಥ ಹಾಡುಗಳನ್ನು ರೆಕಾರ್ಡ್‌ಬಾಕ್ಸ್‌ನಲ್ಲಿ ಡೈನಮಿಕ್ ಅಂತ ಆರಿಸಿ ಅನಲೈಸ್ ಮಾಡಿಸಿ, ಆಮೇಲೆ ಗ್ರಿಡ್ (ತಾಳ ಗುರುತಿಸುವ ಗೆರೆಗಳು) ಕಣ್ಣಾರೆ ನೋಡಿ ತಿದ್ದಿ. ಬೆರೆಸುವಾಗ ಸಿಂಕ್ ಬಿಟ್ಟು, ವಾದ್ಯ ನಿಲ್ಲುವ ಜಾಗದಲ್ಲಿ ಒಂದು ಹಾಟ್ ಕ್ಯೂ (ಒತ್ತಿದ ಕೂಡಲೇ ಅಲ್ಲಿಗೆ ಹೋಗುವ ಗುರುತು) ಇಟ್ಟು, ಅಲ್ಲಿಂದ ನೇರವಾಗಿ ಕಟ್ ಮಾಡಿ. ಮನೆಯಲ್ಲಿ ಹಾಡೊಂದಕ್ಕೆ ಐದು ನಿಮಿಷ ಹಿಡಿಯುವ ಕೆಲಸ ಇದು.

ಹೆಜ್ಜೆ 4: ಕಂಟ್ರೋಲರ್ ಒಯ್ಯಲೇಬೇಕು ಅಂದ್ರೆ

ಎಷ್ಟೋ ಚಿಕ್ಕ ಬಾರ್‌ಗಳಲ್ಲಿ ಸ್ಪೀಕರ್ ಮತ್ತು ಒಂದು ಪುಟ್ಟ ಮಿಕ್ಸರ್ ಬಿಟ್ಟು ಬೇರೇನೂ ಇರುವುದಿಲ್ಲ. ಆಗ ಕಂಟ್ರೋಲರ್ ಬೇಕೇ ಬೇಕು. ಚಿಕ್ಕದನ್ನು ಆರಿಸಿ. ಡಿಡಿಜೆ-ಎಫ್‌ಎಲ್‌ಎಕ್ಸ್4 ತೂಗುವುದು 2.1 ಕೆ.ಜಿ.; ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. ಒಂದು ಅಡಾಪ್ಟರ್, ಒಂದು ಪ್ಲಗ್ ಪಾಯಿಂಟ್ ಉಳಿಯಿತು. ಲ್ಯಾಪ್‌ಟಾಪೇ ಬೇಡ ಅನ್ನುವವರಿಗೆ ಎಕ್ಸ್‌ಡಿಜೆ-ಆರ್‌ಎಕ್ಸ್3 ಥರದ್ದಿದೆ, ಆದರೆ ಅದು 9.3 ಕೆ.ಜಿ. ಕಾರಿದ್ದರೆ ಸರಿ. ಬೈಕಲ್ಲಿ, ಆಟೋದಲ್ಲಿ ಹೋಗುವವರಿಗೆ ನಾನು ಹೇಳುವುದಿಲ್ಲ.

ಕ್ಲಬ್‌ನ ಮಿಕ್ಸರ್ ಇದ್ದರೆ ನಿಮ್ಮ ಕಂಟ್ರೋಲರ್‌ನ ಮಾಸ್ಟರ್ ಔಟ್‌ನಿಂದ ಆರ್‌ಸಿಎ ವೈರ್ (ಕೆಂಪು, ಬಿಳಿ ಪಿನ್ನಿನ ಜೋಡಿ ವೈರ್) ತೆಗೆದು ಖಾಲಿ ಚಾನೆಲ್‌ನ ಲೈನ್ ಜಾಗಕ್ಕೆ ಹಾಕಿ. ಫೋನೋ ಅಂತ ಬರೆದಿರುವಲ್ಲಿ ಹಾಕಬೇಡಿ. ಅದು ಗ್ರಾಮಫೋನ್ ಪಿನ್ನಿನ ಸಣ್ಣ ಸಿಗ್ನಲ್‌ಗೆ ಮಾಡಿದ ಜಾಗ. ನಿಮ್ಮ ಸಿಗ್ನಲ್ ಅಲ್ಲಿ ಒಡೆದು ಕರ್ಕಶವಾಗುತ್ತದೆ. ಕ್ಲಬ್‌ನ ಸಿಸ್ಟಮ್ ಬಿಚ್ಚಿ ನೇರ ಸ್ಪೀಕರ್‌ಗೆ ಜೋಡಿಸುವ ಆಸೆ ಬೇಡ. ನಿಮ್ಮ ಇಡೀ ಸೆಟಪ್ ಅವರ ಮಿಕ್ಸರ್‌ನ ಒಂದೇ ಒಂದು ಚಾನೆಲ್ ಆಗಿದ್ದರೆ ಬದಲಾಗುವುದು ಸುಲಭ: ಹಿಂದಿನವರು ತಮ್ಮ ಫೇಡರ್ (ಸದ್ದು ಏರಿಳಿಸುವ ಜಾರುಗುಂಡಿ) ಇಳಿಸುತ್ತಾರೆ, ನೀವು ನಿಮ್ಮದು ಏರಿಸುತ್ತೀರಿ.

ಲ್ಯಾಪ್‌ಟಾಪ್‌ನಲ್ಲಿ ಅಪ್‌ಡೇಟ್, ನೋಟಿಫಿಕೇಷನ್, ಸ್ಲೀಪ್ ಮೂರನ್ನೂ ನಿಲ್ಲಿಸಿ. ಚಾರ್ಜರ್ ಹಾಕಿದ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಸದ್ದು ಬಂದರೆ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಅದು ಅರ್ತಿಂಗ್ ತೊಂದರೆ. ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ಎರಡನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆಗದಿದ್ದರೆ ಆರ್‌ಸಿಎ ವೈರ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ತ್ರೀ-ಪಿನ್ ಪ್ಲಗ್‌ನ ಅರ್ತ್ ಪಿನ್ ಮುರಿಯುವವರನ್ನು ಕಂಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ. ಶಾಕ್ ಹೊಡೆಯದಂತೆ ನಮ್ಮನ್ನು ಕಾಯುವುದೇ ಆ ಪಿನ್ನು.

ಹೆಜ್ಜೆ 5: ಬ್ಯಾಗ್ ತುಂಬುವುದು

ನನ್ನ ಬ್ಯಾಗ್‌ನಲ್ಲಿ ಈಗ ಇರುವುದು ಇಷ್ಟು: ಹೆಡ್‌ಫೋನ್ ಮತ್ತು ಅದರ ದೊಡ್ಡ ಪಿನ್ನಿನ ಅಡಾಪ್ಟರ್, ಎರಡು ಪೆನ್ ಡ್ರೈವ್, ಒಂದು ಲ್ಯಾನ್ ಕೇಬಲ್, ಒಂದು ಜೊತೆ ಆರ್‌ಸಿಎ ವೈರ್, ಫೋನ್‌ನಿಂದ ಮಿಕ್ಸರ್‌ಗೆ ಹಾಕುವ ಒಂದು ವೈರ್, ಪುಟ್ಟ ಟಾರ್ಚ್, ಇಯರ್ ಪ್ಲಗ್, ಬಣ್ಣದ ಇನ್ಸುಲೇಷನ್ ಟೇಪ್, ನೀರಿನ ಬಾಟಲಿ.

ಫೋನ್ ವೈರ್ ಯಾಕೆ ಅಂತೀರಾ? ನನ್ನ ಫೋನ್‌ನಲ್ಲಿ ಒಂದು ಗಂಟೆಯ ಮಿಕ್ಸ್ ಯಾವಾಗಲೂ ಡೌನ್‌ಲೋಡ್ ಆಗಿರುತ್ತದೆ. ಎಲ್ಲವೂ ಕೈಕೊಟ್ಟರೆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಮಿಕ್ಸರ್‌ಗೆ ಚುಚ್ಚಿ, ಪ್ಲೇ ಒತ್ತುತ್ತೇನೆ. ಜನರಿಗೆ ಹಾಡು ಸಿಗುತ್ತದೆ, ನನಗೆ ತೊಂದರೆ ಹುಡುಕಲು ಸಮಯ ಸಿಗುತ್ತದೆ. ಹೊಸ ಫೋನ್‌ಗಳಲ್ಲಿ ಹೆಡ್‌ಫೋನ್ ತೂತು ಇರುವುದಿಲ್ಲ, ಟೈಪ್-ಸಿ ಕನೆಕ್ಟರ್ ಒಂದನ್ನು ವೈರ್ ತುದಿಗೇ ಟೇಪ್‌ನಿಂದ ಅಂಟಿಸಿಬಿಡಿ.

ಹೆಡ್‌ಫೋನ್ ಕೊಳ್ಳುವಾಗ ವೈರ್ ಬಿಚ್ಚಿ ಬದಲಾಯಿಸಲು ಬರುತ್ತದಾ ನೋಡಿ. ಸೆನ್‌ಹೈಸರ್ ಎಚ್‌ಡಿ 25 ಅನ್ನು ಡಿಜೆಗಳು ಬಿಡದೆ ಹಿಡಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ. ವೈರ್ ಬಿಟ್ಟರೆ 140 ಗ್ರಾಂ, ಯಾವ ಭಾಗ ಹೋದರೂ ಬೇರೆ ಹಾಕಬಹುದು.

ಇಯರ್ ಪ್ಲಗ್ ಅನ್ನು ದಯವಿಟ್ಟು ಪಟ್ಟಿಯಿಂದ ತೆಗೆಯಬೇಡಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು ಅನ್ನುವುದು ಕೆಲಸದ ಜಾಗಗಳಿಗೆ ತಜ್ಞರು ಹಾಕಿರುವ ಮಿತಿ. ಅದೇ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ 15 ನಿಮಿಷ. ಕ್ಲಬ್ ಬೂತ್‌ನಲ್ಲಿ ನಾವು ನಿಲ್ಲುವುದು ಎರಡು ಮೂರು ಗಂಟೆ. ಕಿವಿ ಹೋದರೆ ಯಾವ ಸಾಮಾನೂ ಉಪಯೋಗಕ್ಕೆ ಬರುವುದಿಲ್ಲ.

ಎಲ್ಲ ವೈರ್‌ಗಳಿಗೂ ಎರಡೂ ತುದಿಯಲ್ಲಿ ಒಂದೇ ಬಣ್ಣದ ಟೇಪ್ ಸುತ್ತಿ. ನನ್ನದು ಹಳದಿ. ರಾತ್ರಿ ಒಂದು ಗಂಟೆಗೆ, ಮೇಜಿನ ಕೆಳಗೆ ಹತ್ತು ಕರಿ ವೈರ್ ಬಿದ್ದಿರುವಾಗ, ಯಾವುದು ನನ್ನದು ಅಂತ ಆ ಹಳದಿ ಹೇಳುತ್ತದೆ. ಮೊಣಕೈಗೆ ಬಿಗಿಯಾಗಿ ಸುತ್ತಬೇಡಿ, ಒಳಗಿನ ತಂತಿ ತುಂಡಾಗುತ್ತದೆ. ಸಡಿಲವಾಗಿ ಸುತ್ತಿ ವೆಲ್ಕ್ರೋ ಪಟ್ಟಿ ಹಾಕಿ.

ಬೇರೆ ಊರಿಗೆ ವಿಮಾನದಲ್ಲಿ ಹೋಗುವಾಗಲೂ ಈ ಬ್ಯಾಗ್ 7 ಕೆ.ಜಿ.ಯ ಕ್ಯಾಬಿನ್ ಮಿತಿಯೊಳಗೆ ಆರಾಮಾಗಿ ಬರುತ್ತದೆ. ಲಗೇಜ್ ಬೆಲ್ಟ್ ಪಕ್ಕ ಕಾಯಬೇಕಿಲ್ಲ, ಒಡೆಯುವ ಭಯ ಇಲ್ಲ.

ಮೂರು ಗಿಗ್ ಆದ ಮೇಲೆ ಬ್ಯಾಗ್ ಪೂರ್ತಿ ಖಾಲಿ ಮಾಡಿ. ಮೂರರಲ್ಲೂ ಮುಟ್ಟದೇ ಇದ್ದದ್ದು ಮನೆಯಲ್ಲಿ ಉಳಿಯಲಿ. ಎರಡನೇ ಪೆನ್ ಡ್ರೈವ್ ಮತ್ತು ಫೋನ್ ವೈರ್‌ಗೆ ಮಾತ್ರ ಈ ನಿಯಮ ಬೇಡ.

ಹೆಜ್ಜೆ 6: ಬೂತ್ ಒಳಗೆ

ಸೆಟ್‌ಗೆ ಮುಕ್ಕಾಲು ಗಂಟೆ ಮೊದಲೇ ಹೋಗಿ. ಮೊದಲು ಸೌಂಡ್ ನೋಡಿಕೊಳ್ಳುವವರನ್ನು ಮಾತಾಡಿಸಿ. "ಅಣ್ಣಾ, ಮಾಸ್ಟರ್ ಎಷ್ಟರಲ್ಲಿ ಇಡಲಿ?" ಅಂತ ಒಂದು ಮಾತು ಕೇಳಿದರೆ ಸಾಕು, ಆಮೇಲೆ ರಾತ್ರಿಯಿಡೀ ಅವರು ನಿಮ್ಮ ಕಡೆ ಇರುತ್ತಾರೆ. ಆ ಸಿಸ್ಟಮ್ ಅನ್ನು ದಿನಾ ನೋಡುವವರು ಅವರೇ ಅಲ್ವಾ?

ಪ್ಲೇ ಮಾಡುತ್ತಿರುವವರಿಗೆ ನೀವು ಬಂದಿರುವುದು ಕಾಣಲಿ. ಅವರೇ ಜಾಗ ಬಿಟ್ಟಾಗ ಒಳಗೆ ಹೋಗಿ, "ಯಾವ ಪ್ಲೇಯರ್ ಖಾಲಿ ಇದೆ?" ಅಂತ ಕೇಳಿ. ಅದರಲ್ಲಿ ಪೆನ್ ಡ್ರೈವ್ ಹಾಕಿ. ಪಟ್ಟಿ ಬಂತಾ ನೋಡಿ. ಮಿಕ್ಸರ್‌ನಲ್ಲಿ ಹೆಡ್‌ಫೋನ್ ಕ್ಯೂ ಗುಂಡಿ ಒತ್ತಿ, ಎಡ ಬಲ ಎರಡೂ ಕಿವಿಗೆ ಹಾಡು ಬರುತ್ತಿದೆಯಾ ಕೇಳಿ. ಟ್ರಿಮ್ (ಚಾನೆಲ್‌ನ ಸದ್ದಿನ ಮಟ್ಟ ಹೊಂದಿಸುವ ಗುಂಡಿ) ತಿರುಗಿಸಿ, ಮೀಟರ್ ಹಿಂದಿನ ಹಾಡಿನ ಮಟ್ಟಕ್ಕೆ ಬರುವಂತೆ ಮಾಡಿ. ಕೆಂಪು ಹತ್ತಬಾರದು. ಇಷ್ಟಾದ ಮೇಲೆ ಫೇಡರ್ ಮುಟ್ಟಿ. ಹಿಂದಿನವರ ಕೊನೆಯ ಹಾಡನ್ನು ಕಡಿದು ಹಾಕಬೇಡಿ, ಪೂರ್ತಿ ಮುಗಿಯಲು ಬಿಡಿ.

ಸೆಟ್ ಮುಗಿದ ಮೇಲೆ ಪೆನ್ ಡ್ರೈವ್ ಕೀಳುವ ಗಡಿಬಿಡಿ ಬೇಡ. ಹಾಡು ಓಡುತ್ತಿರುವಾಗ ಕಿತ್ತರೆ ಹೊಸ ಸಿಡಿಜೆಗಳು ಎಮರ್ಜೆನ್ಸಿ ಲೂಪ್‌ಗೆ ಹೋಗಿ ನಾಲ್ಕು ಬೀಟ್ ಮಾತ್ರ ಸುತ್ತಿಸುತ್ತವೆ. ಲಿಂಕ್ ಇದ್ದರೆ ಇನ್ನೂ ಎಚ್ಚರ ಬೇಕು: ಪಕ್ಕದ ಪ್ಲೇಯರ್‌ನಲ್ಲಿ ಓಡುತ್ತಿರುವುದೂ ನಿಮ್ಮ ಡ್ರೈವ್‌ನ ಹಾಡೇ ಆಗಿರಬಹುದು. ಮುಂದಿನ ಡಿಜೆಯ ಹಾಡು ಏರಿ, ನಿಮ್ಮ ಹಾಡು ಪೂರ್ತಿ ಇಳಿದ ಮೇಲೆ ಯುಎಸ್‌ಬಿ ಸ್ಟಾಪ್ ಗುಂಡಿ ಒತ್ತಿ ಹಿಡಿಯಿರಿ. ದೀಪ ಆರಿದ ಮೇಲೆ ಡ್ರೈವ್ ತೆಗೆಯಿರಿ.

ನನ್ನ ಎರಡೂ ಪೆನ್ ಡ್ರೈವ್‌ಗೆ ಒಂದೊಂದು ಗೇಣು ಕೆಂಪು ಉಡುದಾರ ಕಟ್ಟಿದ್ದೇನೆ. ಎಷ್ಟೇ ಕತ್ತಲಿದ್ದರೂ ಪ್ಲೇಯರ್‌ನಿಂದ ಆ ದಾರ ಜೋತಾಡುವುದು ಕಾಣುತ್ತದೆ. ಬೂತ್‌ನಿಂದ ಇಳಿಯುವ ಮೊದಲು ಎರಡೂ ದಾರ ಜೇಬಿನಲ್ಲಿವೆಯಾ ಅಂತ ಮುಟ್ಟಿ ನೋಡಿಕೊಳ್ಳುತ್ತೇನೆ.